ಕೆಟ್ಟ ಶಾಟಿನ ಲೆಕ್ಕ: ಕೆಜಿಎಫ್ ಟಿಪ್ಪಣಿಗಳು

ಪ್ರಶ್ನೆ

ನನಗೆ ಅರ್ಥವಾಗದ್ದು ಇಷ್ಟೇ. ಬ್ಯಾಸ್ಕೆಟ್‌ಬಾಲ್ ತಂಡದ ಅತಿ ಒಳ್ಳೆಯ ಆಟಗಾರ, ಮೈಮೇಲೆ ಇಬ್ಬರು ಬಿದ್ದಿದ್ದರೂ, ಆಚೆ ಮೂಲೆಯಲ್ಲಿ ಜೊತೆಗಾರನೊಬ್ಬ ಕೈಯೆತ್ತಿ ಕರೆಯುತ್ತಿದ್ದರೂ, ತಾನೇ ಹೊಡೆಯುತ್ತಾನೆ. ಹಳೆ ಚಿನ್ನದ ಗಣಿಯ ಊರು ಕೆಜಿಎಫ್‌ನ ಸಿಮೆಂಟ್ ಕೋರ್ಟಿನಲ್ಲೂ ಹಾಗೇ, ಲಾಸ್ ಏಂಜಲೀಸ್‌ನಲ್ಲೂ ಹಾಗೇ. ಅವನಿಗೆ ಆಟ ಗೊತ್ತಿಲ್ಲ ಅನ್ನುವಂತಿಲ್ಲ. ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವನೇ ಅವನು. ತಪ್ಪು ಅವನ ಕೈಯಲ್ಲಿದೆಯೋ, ನೋಡುವ ನಮ್ಮ ಲೆಕ್ಕದಲ್ಲಿದೆಯೋ?

ಸುಲಭದ ಗುಣಾಕಾರ

ಶಾಟಿನ ಬೆಲೆ ತಿಳಿಯಲು, ಅದು ಬೀಳುವ ಪ್ರಮಾಣವನ್ನು ಅದಕ್ಕಿರುವ ಅಂಕದಿಂದ ಗುಣಿಸಿದರಾಯಿತು. ದೂರದ ಎರಡಂಕದ ಶಾಟ್ ನೂರಕ್ಕೆ 40 ಬಿದ್ದರೆ, ಶಾಟಿಗೆ 0.8 ಅಂಕ. ಒಂದು ಹೆಜ್ಜೆ ಹಿಂದೆ ಸರಿದು ಮೂರಂಕದ ಗೆರೆಯಾಚೆಯಿಂದ ನೂರಕ್ಕೆ 36 ಹಾಕಿದರೆ 1.08. ರಿಂಗಿನ ಬುಡದಲ್ಲಿ ಲೇ-ಅಪ್ ನೂರಕ್ಕೆ 60 ಆದರೆ 1.2. ನೂರಕ್ಕೆ 75ರಂತೆ ಎರಡು ಫ್ರೀ ಥ್ರೋ ಸಿಕ್ಕರೆ 1.5. ಅಂದರೆ ರಿಂಗಿನ ಹತ್ತಿರ ನುಗ್ಗು, ಫೌಲ್ ಗಿಟ್ಟಿಸು, ಇಲ್ಲವಾದರೆ ಗೆರೆಯಾಚೆ ನಿಲ್ಲು. ನಡುವಿನ ಜಾಗದಿಂದ ಮಾತ್ರ ಹೊಡೆಯಬೇಡ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಈ ಮೂರಂಕದ ಗೆರೆ ಎಳೆದದ್ದು 1979ರಲ್ಲಿ. ಮೊದಲ ಸೀಸನ್ನಿನಲ್ಲಿ ಒಂದೊಂದು ತಂಡ ಪಂದ್ಯಕ್ಕೆ ಮೂರು ಸಲವೂ ಅಲ್ಲಿಂದ ಹೊಡೆಯುತ್ತಿರಲಿಲ್ಲ. ಈಗ 35ಕ್ಕೂ ಹೆಚ್ಚು. ಇಷ್ಟು ಸಣ್ಣ ಗುಣಾಕಾರಕ್ಕೆ ಅಷ್ಟು ವರ್ಷ ಯಾಕೆ ಬೇಕಾಯಿತು ಎಂದು ನಗು ಬರುತ್ತದೆ. ಆದರೆ ಆ ಸೀಸನ್ನಿನಲ್ಲಿ ನೂರಕ್ಕೆ ಬೀಳುತ್ತಿದ್ದದ್ದು 28, ಅಂದರೆ ಶಾಟಿಗೆ 0.84. ಆಗ ಅದು ನಿಜಕ್ಕೂ ಕೆಟ್ಟ ಶಾಟೇ. 2015-16ರಲ್ಲಿ ಸ್ಟೀಫನ್ ಕರಿ 886 ಸಲ ಹೊಡೆದು 402 ಹಾಕಿದ, ಶಾಟಿಗೆ 1.36. ಗೆರೆ ಅದೇ, ರಿಂಗೂ ಅದೇ. ಶಾಟಿನ ಗುಣ ನೆಲದ ಮೇಲೆ ಬರೆದಿರುವುದಿಲ್ಲ, ಹೊಡೆಯುವವನು ಯಾರು ಎಂಬುದರ ಮೇಲಿದೆ. ಗುಣಾಕಾರ ಇಲ್ಲಿಗೇ ಸ್ವಲ್ಪ ಅಲುಗಾಡಿತು.

ಅರ್ಧ ಕೋರ್ಟ್, ರಾಬರ್ಟ್‌ಸನ್‌ಪೇಟೆ ಕಡೆ

ಕೆಜಿಎಫ್‌ನ ಈ ಬಡಾವಣೆಯಲ್ಲಿ ಸಂಜೆ ಹುಡುಗರು ಮೂವರಿಗೆ ಮೂವರಂತೆ ಒಂದೇ ರಿಂಗಿಗೆ ಆಡುತ್ತಾರೆ. ಒಳಗಿನಿಂದ ಬಿದ್ದರೆ ಒಂದು, ಗೆರೆಯಾಚೆಯಿಂದ ಬಿದ್ದರೆ ಎರಡು. ಅಂತರರಾಷ್ಟ್ರೀಯ 3x3 ಆಟದ ನಿಯಮವೂ ಇದೇ: 12 ಸೆಕೆಂಡಿನೊಳಗೆ ಶಾಟ್, ಮೊದಲು 21 ಮುಟ್ಟಿದವರು ಗೆದ್ದಂತೆ. ಇಲ್ಲಿ ಲೆಕ್ಕ ಇನ್ನೂ ವಿಚಿತ್ರ. ಐವರ ಆಟದಲ್ಲಿ ದೂರದ ಶಾಟಿಗೆ ಒಂದೂವರೆ ಪಟ್ಟು ಬೆಲೆ. ಇಲ್ಲಿ ಸರಿಯಾಗಿ ಎರಡು ಪಟ್ಟು. ಹೊರಗಿನಿಂದ ಮೂರಕ್ಕೊಂದು ಹಾಕುವವನು, ಒಳಗಿನಿಂದ ಮೂರಕ್ಕೆರಡು ಹಾಕುವವನಿಗೆ ಸಮ.

ಆದರೂ ಇಲ್ಲಿಯ ಸ್ಟಾರ್, ಉಳಿದವರಿಗಿಂತ ಒಂದು ಗೇಣು ಎತ್ತರದ ಹುಡುಗ, ಒಳಗೇ ನುಗ್ಗುತ್ತಾನೆ. "ಪಾಸ್ ಪಣ್ಣುಡಾ!" ಎಂದು ಹೊರಗೆ ನಿಂತವನು ಕಿರುಚುತ್ತಾನೆ. ಇವನು ಕೇಳಿಸಿಕೊಳ್ಳುವುದಿಲ್ಲ. ಆಟ ಮುಗಿದ ಮೇಲೆ ಯಾಕಪ್ಪಾ ಎಂದು ಕೇಳಿದೆ. "ಗಾಳಿ ನೋಡಿ ಅಣ್ಣಾ" ಅಂದ. ಬಯಲು ಕೋರ್ಟು, ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳ ಕಡೆಯಿಂದ ಬೀಸುವ ಗಾಳಿ, ನೆಟ್ ಇಲ್ಲದ ರಿಂಗು. ದೂರದ ಶಾಟ್ ಇಲ್ಲಿ ಮೂರಕ್ಕೊಂದು ಬೀಳುವುದಿಲ್ಲ. ಅವನು ಗುಣಾಕಾರವನ್ನು ನನಗಿಂತ ಮೊದಲೇ ಮಾಡಿದ್ದ, ಇದೇ ಅಂಗಳದ ಅಂಕಿಗಳನ್ನಿಟ್ಟುಕೊಂಡು.

ಹಳೆ ಗಣಿಯವರು ಹೇಳಿದ್ದು

ಕಟ್ಟೆ ಮೇಲೆ ಕೂತು ಆಟ ನೋಡುವ ಹಿರಿಯರೊಬ್ಬರು ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚುವವರೆಗೂ ಇದ್ದರಂತೆ. ಆ ಹುಡುಗ ಸಾಲಾಗಿ ಶಾಟ್ ಕಳೆದುಕೊಳ್ಳುತ್ತಿದ್ದಾಗ ಅವರು ಅಂದರು: "ಒಳ್ಳೆ ಕಲ್ಲು ಮೊದಲು ಬರ್ತದೆ ಸಾರ್. ಆಮೇಲೆ ಕೆಳಗೆ ಕೆಳಗೆ ಹೋಗ್ಬೇಕು. ಖರ್ಚು ಜಾಸ್ತಿ, ಚಿನ್ನ ಕಮ್ಮಿ."

ಇಡೀ ವಿಷಯ ಅದರಲ್ಲೇ ಇದೆ ಅನ್ನಿಸಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಮೊದಮೊದಲು ಟನ್ನು ಅದಿರಿಗೆ ಹತ್ತಾರು ಗ್ರಾಂ ಚಿನ್ನ ಕೊಟ್ಟ ನೆಲ, ಕೊನೆಗೆ ಕೆಲವೇ ಗ್ರಾಂಗೆ ಇಳಿಯಿತು. ಸ್ಟಾರ್ ಆಟಗಾರನೂ ಅಂಥ ರೀಫೇ. ಅವನ ಮೊದಲ ಹತ್ತು ಶಾಟ್ ಹುಡುಕಿ ಆರಿಸಿದ ಶಾಟ್. ಇಪ್ಪತ್ತನೆಯದು ಆ ದರ್ಜೆಯದಲ್ಲ.

ಕಾಗದದ ಮೇಲೆ ಇಟ್ಟು ನೋಡಿದೆ. ಅಂಕಿಗಳು ಕಲ್ಪನೆಯವು. ಪಂದ್ಯಕ್ಕೆ 10 ಶಾಟ್ ಹೊಡೆದಾಗ ಸರಾಸರಿ 1.2 ಅಂಕ; ಒಟ್ಟು 12. 15 ಹೊಡೆದಾಗ 1.1, ಒಟ್ಟು 16.5. 20 ಹೊಡೆದಾಗ 1.0, ಒಟ್ಟು 20. ಜೊತೆಗಾರರದು ಶಾಟಿಗೆ 0.9. ಇಪ್ಪತ್ತು ಹೊಡೆದರೂ ಅವನ ಸರಾಸರಿಯೇ ಮೇಲು, ಹೊಡೆಯಲಿ ಬಿಡಿ ಎಂದು ಜನ ಹೇಳುತ್ತಾರೆ. ಆದರೆ ಕೊನೆಯ ಐದು ಶಾಟ್ ತಂದದ್ದು ಬರೀ 3.5 ಅಂಕ, ಒಂದೊಂದಕ್ಕೆ 0.7. ಆ ಐದನ್ನು ಜೊತೆಗಾರರಿಗೆ ಬಿಟ್ಟಿದ್ದರೆ 4.5 ಬರುತ್ತಿತ್ತು. ಸರಾಸರಿ ಬೇರೆ, ಮುಂದಿನ ಶಾಟ್ ಬೇರೆ. ನಮ್ಮ ಕಣ್ಣಿಗೆ ಕಾಣುವುದು ಮೊದಲನೆಯದು, ಪಂದ್ಯ ನಿಂತಿರುವುದು ಎರಡನೆಯದರ ಮೇಲೆ.

ಭೌತವಿಜ್ಞಾನಿಯ ರಸ್ತೆ

ಇದನ್ನೇ ಬ್ರಯಾನ್ ಸ್ಕಿನ್ನರ್ ಎಂಬ ಅಮೆರಿಕದ ಭೌತವಿಜ್ಞಾನಿ 2010ರಲ್ಲಿ ಒಂದು ಪ್ರಬಂಧದಲ್ಲಿ ಬಿಡಿಸಿ ತೋರಿಸಿದ್ದಾನೆ. ಅವನು ಹೊರಟದ್ದು ವಾಹನ ಸಂಚಾರದ ಸಿದ್ಧಾಂತದಿಂದ: ಎಲ್ಲರೂ ತಮಗೆ ಚುರುಕೆನಿಸಿದ ದಾರಿಯನ್ನೇ ಹಿಡಿದರೆ ಆ ದಾರಿಯೇ ಕಟ್ಟಿಕೊಂಡು ಎಲ್ಲರಿಗೂ ತಡವಾಗುತ್ತದೆ. ರೇ ಆಲೆನ್ ಎಂಬ ದೊಡ್ಡ ಶೂಟರ್‌ನ ಅಂಕಿಅಂಶ ಇಟ್ಟುಕೊಂಡು ಅವನು ಹೇಳುವುದೇನೆಂದರೆ, ತಂಡ ಚೆನ್ನಾಗಿ ಆಡುತ್ತಿದ್ದರೆ ಸ್ಟಾರ್‌ನ ಸರಾಸರಿ ಉಳಿದವರಿಗಿಂತ ಮೇಲೇ ಉಳಿದಿರಬೇಕು. ಎಲ್ಲರ ಸರಾಸರಿ ಸಮವಾಯಿತೆಂದರೆ ಅವನನ್ನು ಅತಿಯಾಗಿ ದುಡಿಸಿದ್ದೇವೆ ಎಂದರ್ಥ. ಅಂದರೆ ಗ್ಯಾಲರಿಯಲ್ಲಿ ಕೂತವನಿಗೆ "ಇವನಿಗೆ ಇನ್ನೂ ಕೊಡಬೇಕಿತ್ತು" ಅನ್ನಿಸುತ್ತಿರುವಾಗಲೇ ಕೊಟ್ಟದ್ದು ಸರಿಯಾಗಿರಬಹುದು. ಇದು ನನಗೆ ಒಪ್ಪಿಗೆ, ಆದರೆ ಹೊಟ್ಟೆಗೆ ಇಳಿಯುತ್ತಿಲ್ಲ.

ಬಂಗಾರಪೇಟೆ ಜಂಕ್ಷನ್, ಬೆಳಗಿನ ರೈಲು

ಗಣಿ ನಿಂತ ಮೇಲೆ ಈ ಊರು ದುಡಿಮೆಗೆ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತದೆ. ಅಮೆರಿಕದ ರಾತ್ರಿ ಪಂದ್ಯ ನಮಗೆ ಬೆಳಗಿನ ಪಂದ್ಯ. ಮಾರಿಕುಪ್ಪಂ ಕಡೆಯಿಂದ ಬಂದ ಹುಡುಗರ ಮೊಬೈಲಿನಲ್ಲಿ ಅದೇ. ಈ ದಿನದ ಜಗಳ ಹಳೆಯದು, ಲಾಸ್ ಏಂಜಲೀಸ್ ತಂಡದ ಕೋಬಿ ಬ್ರಯಂಟ್‌ನ ಕೊನೆಯ ಪಂದ್ಯದ್ದು: 2016ರ ಏಪ್ರಿಲ್ 13, ಯೂಟಾ ವಿರುದ್ಧ.

"ಅರವತ್ತು ಹಾಕಿದಾನೆ ಮಗಾ!"

"ಐವತ್ತು ಸಲ ಹೊಡೆದು ತಾನೇ?"

ಇಬ್ಬರೂ ಸರಿ. 50 ಶಾಟಿಗೆ 22 ಬಿದ್ದವು, ಅದರಲ್ಲಿ ಆರು ಮೂರಂಕದವು. ಫ್ರೀ ಥ್ರೋದಿಂದ ಹತ್ತು. ಫ್ರೀ ಥ್ರೋ ಬಿಟ್ಟರೆ 50 ಶಾಟಿಗೆ 50 ಅಂಕ. ಲೆಕ್ಕದವರು ಇದನ್ನು ಹೊಗಳುವುದಿಲ್ಲ. ಆದರೆ ಕೊನೆಯ ಕ್ವಾರ್ಟರಿನಲ್ಲೇ ಅವನು 23 ಹಾಕಿದ, ಸೋಲುತ್ತಿದ್ದ ತಂಡ 101-96ರಿಂದ ಗೆದ್ದಿತು. 20 ವರ್ಷ ಆಡಿದವನ ವಿದಾಯದ ರಾತ್ರಿ ಜೊತೆಗಾರರೇ ಚೆಂಡು ಅವನ ಕೈಗಿಡುತ್ತಿದ್ದರು. ಆ ರಾತ್ರಿಯ ಶಾಟ್ ಆಯ್ಕೆಯಲ್ಲಿ ಅಂಕಕ್ಕಿಂತ ಮರ್ಯಾದೆಯ ಪಾಲು ಹೆಚ್ಚು. ಅದನ್ನು ಯಾವುದರಿಂದ ಗುಣಿಸುವುದು?

24 ಸೆಕೆಂಡ್

ಎನ್‌ಬಿಎ 1954ರಲ್ಲಿ ಶಾಟ್ ಕ್ಲಾಕ್ ತಂದಿತು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಹಾಕಿದ ಲೆಕ್ಕ: ನೋಡಲು ಚೆಂದವಾದ ಪಂದ್ಯದಲ್ಲಿ ಎರಡೂ ತಂಡ ಸೇರಿ 120 ಶಾಟ್, 48 ನಿಮಿಷ ಎಂದರೆ 2,880 ಸೆಕೆಂಡ್, ಭಾಗಿಸಿದರೆ 24.

ಇಲ್ಲೇ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು ಅನ್ನಿಸುತ್ತದೆ. 20 ಸೆಕೆಂಡ್ ಚೆಂಡು ಸುತ್ತಿತು, ಯಾರಿಗೂ ಒಳ್ಳೆಯ ಶಾಟ್ ಸಿಗಲಿಲ್ಲ. ಉಳಿದ ನಾಲ್ಕು ಸೆಕೆಂಡಿಗೆ ಚೆಂಡು ಯಾರ ಕೈಗೆ ಹೋಗುತ್ತದೆ? ಸ್ಟಾರ್‌ನ ಕೈಗೆ. ಈಗ ಒಳ್ಳೆಯ ಶಾಟ್ ಎಂಬುದೇ ಇಲ್ಲ. ಇರುವುದು ಕೆಟ್ಟ ಶಾಟ್, ಇಲ್ಲವೇ ಚೆಂಡು ಎದುರಾಳಿಗೆ. ಸೊನ್ನೆಗಿಂತ 0.7 ಮೇಲು. ನಾಲ್ವರು ಬಿಟ್ಟ ಎಂಜಲನ್ನು ಉಣ್ಣುವುದೂ ಅವನ ಕೆಲಸದಲ್ಲೇ ಸೇರಿದೆ, ಆಮೇಲೆ ಶೇಕಡಾವಾರು ಬಿದ್ದದ್ದು ಮಾತ್ರ ಅವನೊಬ್ಬನ ಹೆಸರಿಗೆ.

2012ರಲ್ಲಿ ಸ್ಕಿನ್ನರ್ ಈ ಗಡಿಯಾರವನ್ನೂ ಪರೀಕ್ಷಿಸಿದ. ಅವನ ಲೆಕ್ಕದಲ್ಲಿ ವೃತ್ತಿಪರ ತಂಡಗಳ ತಪ್ಪು ಅವಸರವಲ್ಲ, ಹಿಂಜರಿಕೆ: ಮೊದಲ ಸೆಕೆಂಡುಗಳಲ್ಲಿ ಒಳ್ಳೆಯ ಶಾಟ್ ಸಿಕ್ಕರೂ ಬಿಟ್ಟು, ಇನ್ನೂ ಒಳ್ಳೆಯದು ಬರಬಹುದೆಂದು ಕಾಯುತ್ತವೆ. ಕಾದು ಕೂತವರ ಬಾಕಿಯನ್ನು ಕೊನೆಗೆ ತೀರಿಸುವವನು ಸ್ಟಾರ್.

ಕೈ ಕಾವೇರಿದಾಗ

ಕೋರ್ಟಿನಲ್ಲಿ ಮೂರು ಸಾಲಾಗಿ ಬಿದ್ದರೆ "ಅವನಿಗೇ ಕೊಡು, ಅವನಿಗೇ ಕೊಡು" ಎಂದು ಕೂಗು ಏಳುತ್ತದೆ. 1985ರಲ್ಲಿ ಗಿಲೋವಿಚ್, ವ್ಯಾಲೋನ್, ಟ್ವೆರ್ಸ್ಕಿ ಎಂಬ ಮೂವರು ಫಿಲಡೆಲ್ಫಿಯಾ ತಂಡದ ಶಾಟ್‌ಗಳನ್ನು ನೋಡಿ, ಕಾವೂ ಇಲ್ಲ ಏನೂ ಇಲ್ಲ, ಅದು ನಮ್ಮ ಕಣ್ಣಿನ ಭ್ರಮೆ ಅಂದರು. ಮೂವತ್ತು ವರ್ಷ ಅದೇ ಮಾತು ನಡೆಯಿತು. 2018ರಲ್ಲಿ ಮಿಲ್ಲರ್ ಮತ್ತು ಸಂಹುರ್ಹೊ ಎಂಬ ಇಬ್ಬರು ಆ ಲೆಕ್ಕದ ವಿಧಾನದಲ್ಲೇ ಒಂದು ಓರೆ ಇದೆ ಎಂದು ತೋರಿಸಿದರು. ನಾಣ್ಯವನ್ನು ಮೂರು ಸಲ ಚಿಮ್ಮುವ ಎಂಟು ಬಗೆಯ ಸಾಲುಗಳನ್ನೂ ಬರೆದು, ಮೊದಲ ಎರಡು ಸಲದಲ್ಲಿ ಒಂದಾದರೂ ಹೆಡ್ಸ್ ಇರುವ ಪ್ರತಿ ಸಾಲಿನಲ್ಲಿ ಹೆಡ್ಸ್ ಬಿದ್ದ ಮರುಸಲವೂ ಹೆಡ್ಸ್ ಬಿದ್ದ ಪಾಲು ತೆಗೆದು ಸರಾಸರಿ ನೋಡಿದರೆ, ಅರ್ಧ ಬರುವುದಿಲ್ಲ, 5/12 ಬರುತ್ತದೆ. ನಾನೂ ಬರೆದು ನೋಡಿದೆ, ಹೌದು. ಹಾಗಾಗಿ ಒಟ್ಟಾರೆ ಅರ್ಧ ಹಾಕುವವನು ಸಾಲಾಗಿ ಹಾಕಿದ ಮೇಲೂ ಅರ್ಧದಷ್ಟೇ ಹಾಕಿದರೆ ನಿಜಕ್ಕೂ ಸ್ವಲ್ಪ ಕಾವೇರಿದ್ದಾನೆ. ಹುಡುಗರ ಕೂಗಿನಲ್ಲಿ ಹುರುಳಿದೆ. ಎಷ್ಟು ಎಂಬುದೇ ತಕರಾರು.

ಸಾಲಾಗಿ 27

ಗುಣಾಕಾರವನ್ನೇ ನಂಬಿದ ತಂಡ ಹ್ಯೂಸ್ಟನ್ ರಾಕೆಟ್ಸ್. 2018ರ ಮೇ 28, ಗೋಲ್ಡನ್ ಸ್ಟೇಟ್ ವಿರುದ್ಧ ಪಶ್ಚಿಮ ವಿಭಾಗದ ಫೈನಲ್ ಸರಣಿಯ ಏಳನೇ ಪಂದ್ಯ. ಅರ್ಧ ಆಟಕ್ಕೆ 11 ಅಂಕ ಮುಂದಿದ್ದವರು ಸಾಲಾಗಿ 27 ಮೂರಂಕದ ಶಾಟ್ ತಪ್ಪಿಸಿ, 101-92ರಿಂದ ಸೋತರು. ಮೂರಕ್ಕೊಂದು ಬೀಳುವ ಶಾಟ್ ಎಂದಿಟ್ಟುಕೊಂಡರೆ ಹೀಗಾಗುವ ಸಾಧ್ಯತೆ ಐವತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಬರೀ ದುರದೃಷ್ಟ ಎಂದು ನನಗೆ ಅನ್ನಿಸುವುದಿಲ್ಲ. ಚೆಂಡು ನಡೆಸುವ ಇನ್ನೊಬ್ಬ, ಕ್ರಿಸ್ ಪಾಲ್, ಗಾಯಗೊಂಡು ಹೊರಗೆ. ಭಾರವೆಲ್ಲ ಜೇಮ್ಸ್ ಹಾರ್ಡನ್ ಮೇಲೆ. ದಣಿದ ಕಾಲಿನ ಶಾಟಿಗೆ ಸೀಸನ್ನಿನ ಸರಾಸರಿ ಹಚ್ಚುವುದೇ ತಪ್ಪಿರಬೇಕು.

ಕಂಠೀರವದ ಎರಡು ಅಂಕ

2017ರ ಜುಲೈ, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ. ಮಹಿಳೆಯರ ಏಷ್ಯಾ ಕಪ್ 'ಬಿ' ವಿಭಾಗದ ಫೈನಲಿನಲ್ಲಿ ಭಾರತ 75, ಕಜಕಸ್ತಾನ 73. ಆ ಗೆಲುವಿನಿಂದ 'ಎ' ವಿಭಾಗಕ್ಕೆ ಬಡ್ತಿ. ಇಂಥ ಪಂದ್ಯವನ್ನು ಕೊನೆಯ ಶಾಟ್ ಗೆಲ್ಲಿಸಿತು ಎಂದು ಬರೆಯುವುದು ವಾಡಿಕೆ. ಆದರೆ ಅಂತರ ಎರಡೇ ಅಂಕವಾದಾಗ 40 ನಿಮಿಷದ ಯಾವ ಶಾಟೂ ಕೊನೆಯ ಶಾಟೇ. ಎರಡನೇ ಕ್ವಾರ್ಟರಿನಲ್ಲಿ ಯಾರೋ ಒಬ್ಬಳು ಹೊಡೆಯದೆ ಪಾಸ್ ಕೊಟ್ಟದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹೊಡೆದ ಶಾಟ್‌ಗಳ ಅಂಕಿಅಂಶ ಸಿಗುತ್ತದೆ, ಹೊಡೆಯದೆ ಬಿಟ್ಟವುಗಳದು ಸಿಗುವುದಿಲ್ಲ.

ಜೋರ್ಡನ್ ಕೊಟ್ಟ ಪಾಸ್

1997ರ ಜೂನ್ 13, ಎನ್‌ಬಿಎ ಫೈನಲಿನ ಆರನೇ ಪಂದ್ಯ, ಸ್ಕೋರ್ ಸಮ. ಮೈಕೆಲ್ ಜೋರ್ಡನ್ ಮೇಲೆ ಇಬ್ಬರು ಮುಗಿಬಿದ್ದರು. ಅವನು ಸ್ಟೀವ್ ಕೆರ್‌ಗೆ ಪಾಸ್ ಕೊಟ್ಟ, ಕೆರ್ ಹಾಕಿದ, ಷಿಕಾಗೊ ಗೆದ್ದಿತು. ಗಮನಿಸಬೇಕಾದದ್ದು ಕೆರ್ ನಿಂತಿದ್ದ ಜಾಗ: ಗೆರೆಯ ಒಳಗೆ, ಸುಮಾರು 17 ಅಡಿ, ಗುಣಾಕಾರ ಬೇಡವೆನ್ನುವ ಅದೇ ನಡುವಿನ ಜಾಗ. ಎದುರಿಗೆ ಯಾರೂ ಇಲ್ಲದಿದ್ದದ್ದರಿಂದ ಅದು ಅತ್ಯುತ್ತಮ ಶಾಟ್ ಆಯಿತು. ಇಬ್ಬರನ್ನು ತನ್ನ ಮೇಲೆ ಎಳೆದುಕೊಂಡದ್ದು ಜೋರ್ಡನ್‌ನ ಕೆಲಸ. ಅಷ್ಟು ವರ್ಷ ಅವನು ಕಷ್ಟದ ಶಾಟ್‌ಗಳನ್ನು ಹಾಕಿ ತೋರಿಸಿರದಿದ್ದರೆ ಆ ಎರಡನೆಯವನು ಕೆರ್‌ನನ್ನು ಬಿಟ್ಟು ಬರುತ್ತಿದ್ದನೆ? ಹಾಗಾದರೆ ಸ್ಟಾರ್ ಆಗಾಗ ಹೊಡೆಯುವ ಕೆಟ್ಟ ಶಾಟ್, ಮುಂದೆಂದೋ ಕೊಡುವ ಪಾಸಿಗೆ ಇಟ್ಟ ಮುಂಗಡ.

ಸದ್ಯಕ್ಕೆ

ಇನ್ನು ಮುಂದೆ ಕೋರ್ಟಿನ ಪಕ್ಕ ಕೂತಾಗ ಬಿತ್ತೋ ಬಿಟ್ಟಿತೋ ಎಂಬುದರ ಜೊತೆಗೆ ಮೂರು ವಿಷಯ ಬರೆದುಕೊಳ್ಳಬೇಕು: ಹೊಡೆದಾಗ ಎಷ್ಟು ಸಮಯ ಉಳಿದಿತ್ತು, ಅವನ ಮೇಲೆ ಎಷ್ಟು ಜನರಿದ್ದರು, ಬಿಡುವಾಗಿ ನಿಂತಿದ್ದವನು ಯಾರು. ಸಮಯ ಮುಗಿದಿದ್ದರೆ ಸ್ಟಾರ್‌ನನ್ನು ಬೈಯುವಂತಿಲ್ಲ. ಸಮಯವಿದ್ದು, ಇಬ್ಬರು ಮೇಲಿದ್ದು, ಹಾಕಬಲ್ಲ ಜೊತೆಗಾರ ಮೂಲೆಯಲ್ಲಿದ್ದರೆ ಬೈಯಬಹುದು. ಆದರೆ ರಾಬರ್ಟ್‌ಸನ್‌ಪೇಟೆಯ ಆ ಎತ್ತರದ ಹುಡುಗ ಪಾಸ್ ಕೊಟ್ಟು, ಮೂಲೆಯವನು ತಪ್ಪಿಸಿ, ತಂಡ ಸೋತರೆ ಕಟ್ಟೆಯ ಮೇಲಿನವರು ಕೇಳುವುದು "ನೀನ್ಯಾಕೆ ಹೊಡೀಲಿಲ್ಲ?" ಎಂದೇ. ಈ ಬೈಗುಳಕ್ಕೆ ಎಷ್ಟು ಅಂಕ ಕಳೆಯಬೇಕೆಂದು ಯಾವ ಪ್ರಬಂಧದಲ್ಲೂ ನಾನು ಓದಿಲ್ಲ. ಅದನ್ನು ಸೇರಿಸದೆ ಮಾಡಿದ ಲೆಕ್ಕ ಅವನ ತಲೆಯೊಳಗಿನ ಲೆಕ್ಕವಲ್ಲ.