ಮುಕ್ಕಾಲು ಚಂದ್ರ ದೂರ ಓಡಿದ ಜೀಪು

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿಬಿಟ್ಟರೆ ಅರವತ್ತು ಕಿಲೋಮೀಟರ್ ಹೋದದ್ದೇ ತಿಳಿಯುವುದಿಲ್ಲ. ಅಲ್ಲಲ್ಲಿ ತುಂಗೆ ಇಣುಕುತ್ತಾಳೆ. ಅರ್ಧ ದಾರಿಯಲ್ಲಿ ಮಂಡಗದ್ದೆ. ಮಳೆಗಾಲದಲ್ಲಿ ನದಿ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡು ಕಟ್ಟಿ ಮರಕ್ಕೆ ಸುಣ್ಣ ಬಳಿದಂತೆ ಮಾಡಿಟ್ಟಿರುತ್ತವೆ. ಮುಂದೆ ಸಕ್ರೆಬೈಲಿನ ಆನೆ ಬಿಡಾರ, ಗಾಜನೂರಿನ ಅಣೆಕಟ್ಟು. ಇಪ್ಪತ್ತೆಂಟು ವರ್ಷಗಳಲ್ಲಿ ಈ ದಾರಿಯಲ್ಲಿ ನಾನು ಪ್ರಶ್ನೆಪತ್ರಿಕೆಯ ಕಟ್ಟು ಹೊತ್ತು, ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳನ್ನು ಕಟ್ಟಿಕೊಂಡು ಎಷ್ಟು ಸಲ ಓಡಾಡಿದ್ದೇನೋ. ಆದರೆ ಕಳೆದ ಸೆಪ್ಟೆಂಬರಿನಲ್ಲಿ, ಗಣೇಶನ ಹಬ್ಬ ಮುಗಿದ ಮೇಲೆ, ಹೋದದ್ದು ಒಂದು ಹಳೆಯ ಡೀಸೆಲ್ ಜೀಪು ಕೊಳ್ಳುವುದಕ್ಕೆ. ನನಗಲ್ಲ. ನನ್ನ ಬಳಿ ಇರುವುದು ಒಂದು ಸ್ಕೂಟರು, ಅದೂ ಮಳೆ ಬಂದರೆ ಮುನಿಸಿಕೊಳ್ಳುತ್ತದೆ.

ಪಕ್ಕದಲ್ಲಿ ಕೂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಪಿಯುಸಿ ಮುಗಿಸಿ, ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು, ಬೆಂಗಳೂರಿನಲ್ಲಿ ನಾಲ್ಕು ವರ್ಷ ಬೈಕಿನಲ್ಲಿ ಊಟದ ಪೊಟ್ಟಣ ಹಂಚಿ, ತಂದೆ ತೀರಿಕೊಂಡ ಮೇಲೆ ಊರಿಗೆ ಬಂದವನು. ಈಗ ಅಡಿಕೆ ಸುಲಿಯುವ ಯಂತ್ರ ಕೊಂಡಿದ್ದಾನೆ. ನಮ್ಮ ಕಡೆ ಕೊಯ್ಲು ಶುರುವಾದರೆ ಹಸಿ ಅಡಿಕೆಯನ್ನು ಅಂದಂದೇ ಸುಲಿದು ಹಂಡೆಯಲ್ಲಿ ಬೇಯಿಸಬೇಕು. ನನ್ನ ಬಾಲ್ಯದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಹತ್ತಾರು ಜನ ಕೂತು, ಕತೆ ಹೇಳಿಕೊಂಡು ಸುಲಿಯುತ್ತಿದ್ದರು. ಈಗ ಸುಲಿಯುವವರೂ ಇಲ್ಲ, ಕತೆ ಹೇಳುವವರೂ ಇಲ್ಲ. ಹಾಗಾಗಿ ಯಂತ್ರವನ್ನು ಟ್ರೇಲರಿನ ಮೇಲೆ ಕೂರಿಸಿ ಅಂಗಳದಿಂದ ಅಂಗಳಕ್ಕೆ ಎಳೆದುಕೊಂಡು ಹೋಗುವವರಿಗೆ ಕೈತುಂಬ ಕೆಲಸ. ಎಳೆಯಲು ಟ್ರ್ಯಾಕ್ಟರ್ ಸಾಕಲ್ಲ ಎಂದು ಕೇಳಿದೆ. ‘ಸರ್, ಜೊತೆಗೆ ಆರು ಜನ ಕೆಲಸದವರನ್ನೂ ಕರ್ಕೊಂಡು ಹೋಗ್ಬೇಕು, ಮಳೆ ಬಂದ್ರೆ ಅವರು ನೆನೀಬಾರ್ದು’ ಎಂದ. ಸರಿಯಾದ ಮಾತೇ.

ನಾನು ಈ ವ್ಯವಹಾರಕ್ಕೆ ಸಿಕ್ಕಿಬಿದ್ದದ್ದು ಅವನ ತಾಯಿಯಿಂದ. ಹಬ್ಬದ ಮರುದಿನ ಮನೆಗೆ ಬಂದು, ಒಂದು ಲೋಟ ನೀರು ಕುಡಿದು, ನೇರವಾಗಿ ಹೇಳಿದರು: ‘ಸೊಸೈಟೀಲಿ ಚಿನ್ನ ಇಟ್ರೆ ಎರಡು ಲಕ್ಷ ಆಗುತ್ತೆ. ಅವನು ಫೋನಿನಲ್ಲಿ ಯಾವುದೋ ಗಾಡಿ ಫೋಟೋ ನೋಡಿ ಕುಣೀತಿದಾನೆ. ನೀವು ನೋಡಿ ಹೂಂ ಅಂದ್ರೆ ಕೊಡ್ತೀನಿ.’ ಗಾಡಿಯ ವಿಷಯ ನನಗೇನು ಗೊತ್ತು ಎಂದರೆ, ‘ಸೈನ್ಸ್ ಮೇಷ್ಟ್ರಲ್ವಾ?’ ಎಂದರು. ಇದಕ್ಕೆ ಉತ್ತರ ಕೊಡುವ ಧೈರ್ಯ ಯಾವ ಮೇಷ್ಟರಿಗಿದೆ?

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಆಟೋ ಕಾಂಪ್ಲೆಕ್ಸ್ ಎಂಬ ಲೋಕವೇ ಒಂದಿದೆ. ಗ್ಯಾರೇಜು, ಲೇತು, ವೆಲ್ಡಿಂಗು, ಕಮಾನು ಪಟ್ಟಿ ಬಡಿಯುವವರು, ಸೀಟು ಹೊಲಿಯುವವರು. ಕಾಲಿಟ್ಟರೆ ಗ್ರೀಸಿನ ವಾಸನೆ, ಕಿವಿ ತುಂಬ ಸುತ್ತಿಗೆಯ ಸದ್ದು. ಅಲ್ಲೇ ಸಮೀಪ ಮಾರಾಟಕ್ಕೆ ನಿಂತಿತ್ತು ಹುಡುಗನ ಮನಸ್ಸು ಕದ್ದ ಗಾಡಿ. ಬಿಳಿ ಬೊಲೆರೊ, 2013ರದು. ಕನ್ನಡಿಯಂತೆ ಹೊಳೆಯುತ್ತಿತ್ತು. ಮೀಟರಿನಲ್ಲಿ 94,000 ಕಿಲೋಮೀಟರ್. ಮೂರು ಲಕ್ಷ ಅರವತ್ತು ಸಾವಿರ ಎಂದರು.

ನಾನು ಮಾಡಿದ ಮೊದಲ ಕೆಲಸ ಬಾನೆಟ್ಟಿನ ಮೇಲೆ ಕೈ ಇಟ್ಟದ್ದು. ಬಿಸಿಯಾಗಿತ್ತು. ನಾವು ಬರುವ ಮುಂಚೆಯೇ ಎಂಜಿನ್ ಓಡಿಸಿಟ್ಟಿದ್ದರು. ಇದೇಕೆ ಮುಖ್ಯ ಎಂದು ವಿದ್ಯಾರ್ಥಿಗಳಿಗೆ ಹೇಳಬೇಕು. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ ಪಂಪನ್ನು ಜೋರಾಗಿ ಒತ್ತಿದರೆ ಅದರ ಬುಡ ಬಿಸಿಯಾಗುತ್ತದಲ್ಲ, ಅದೇ ತತ್ವ. ಗಾಳಿಯನ್ನು ಹದಿನೈದಿಪ್ಪತ್ತು ಪಟ್ಟು ಕುಗ್ಗಿಸಿದಾಗ ಅದು ಐನೂರು ಡಿಗ್ರಿಗೂ ಮೀರಿ ಕಾಯುತ್ತದೆ. ಆಗ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ 1897ರಲ್ಲಿ ಇದನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ. ಎಂಜಿನ್ ಒಳಗೆ ಸವೆದು ಗಾಳಿ ಸೋರತೊಡಗಿದರೆ ಈ ಕಾವು ಹುಟ್ಟುವುದಿಲ್ಲ, ತಣ್ಣಗಿದ್ದಾಗ ಬೇಗ ಚಾಲೂ ಆಗುವುದಿಲ್ಲ. ಮೊದಲೇ ಬಿಸಿ ಮಾಡಿಟ್ಟರೆ ಈ ಕಾಯಿಲೆ ಮುಚ್ಚಿಹೋಗುತ್ತದೆ. ಜ್ವರದ ಮಾತ್ರೆ ನುಂಗಿ ಡಾಕ್ಟರ ಬಳಿ ಹೋದ ಹಾಗೆ.

ಬಳಿಕ ಬಾಗಿಲು ತೆರೆದು ಕೆಳಗೆ ನೋಡಿದೆ. ಬ್ರೇಕ್ ಪೆಡಲಿನ ರಬ್ಬರು ಸವೆದು ಒಂದು ಮೂಲೆಯಲ್ಲಿ ಕಬ್ಬಿಣ ಕಾಣುತ್ತಿತ್ತು. ಸ್ಟಿಯರಿಂಗ್ ಚಕ್ರ ಅಜ್ಜನ ಊರುಗೋಲಿನ ಹಿಡಿಯಂತೆ ನುಣುಪಾಗಿತ್ತು. ತೊಂಬತ್ತನಾಲ್ಕು ಸಾವಿರಕ್ಕೆ ರಬ್ಬರು ಇಷ್ಟು ಸವೆಯುತ್ತದೆಯೇ? ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಕಾಲಿನ ಗುರುತನ್ನು ಹಿಂದಕ್ಕೆ ತಿರುಗಿಸಲಾಗದು. ಆರ್‌ಸಿ ಕೇಳಿದೆ. ಅದರಲ್ಲಿ ಹಳೆಯ ಸಾಲದ ನಮೂದು ಹಾಗೇ ಇತ್ತು. ‘ತೆಗೆಸಿಕೊಡ್ತೀವಿ ಸರ್’ ಎಂದರು. ತೆಗೆಸಿದ ಮೇಲೆ ಬರುತ್ತೇವೆ ಎಂದು ಹೊರಟೆ. ಹುಡುಗ ಹೋಟೆಲಿನಲ್ಲಿ ಎರಡು ಇಡ್ಲಿಯನ್ನೂ ಪೂರ್ತಿ ತಿನ್ನಲಿಲ್ಲ.

ಎರಡನೆಯ ಗಾಡಿಯ ಸುಳಿವು ಕೊಟ್ಟವನು ಆ ಹೋಟೆಲಿನಲ್ಲೇ ಪಕ್ಕಕ್ಕೆ ಕೂತಿದ್ದ ಒಬ್ಬ ಡ್ರೈವರ್. ಔಷಧ ಹಂಚುವ ವ್ಯಾಪಾರಿಯೊಬ್ಬರದು. ಅದೂ 2013ರ ಬೊಲೆರೊ. ಫೋನು ಮಾಡಿ, ‘ನಾವು ಬರುವವರೆಗೆ ದಯವಿಟ್ಟು ಚಾಲೂ ಮಾಡಬೇಡಿ’ ಎಂದೆ. ಅವರು ನಕ್ಕರು. ಹೋಗಿ ನೋಡಿದರೆ ಬೂದಿ ಬಣ್ಣ, ಎರಡು ಕಡೆ ತಗ್ಗು, ಹಿಂದಿನ ಸೀಟು ಹರಿದಿತ್ತು. ಮೀಟರಿನಲ್ಲಿ 2,87,000 ಕಿಲೋಮೀಟರ್! ಹುಡುಗನ ಮುಖ ಇನ್ನೂ ಇಳಿಯಿತು. ಭೂಮಿಯಿಂದ ಚಂದ್ರನಿಗೆ ಸರಾಸರಿ 3,84,400 ಕಿಲೋಮೀಟರ್. ಅಂದರೆ ಈ ಗಾಡಿ ಚಂದ್ರನ ದಾರಿಯಲ್ಲಿ ಮುಕ್ಕಾಲು ಭಾಗ ಮುಗಿಸಿತ್ತು.

ಆದರೆ ಆ ವ್ಯಾಪಾರಿ ಒಂದು ದಪ್ಪ ಕಡತ ತಂದಿಟ್ಟರು. ಎಣ್ಣೆ ಬದಲಿಸಿದ ಪ್ರತಿ ರಶೀದಿ, ತಾರೀಕು, ಕಿಲೋಮೀಟರ್ ಸಮೇತ. ಹೆಚ್ಚಿನ ಓಟ ಶಿವಮೊಗ್ಗ, ಭದ್ರಾವತಿ, ದಾವಣಗೆರೆಯ ಬಯಲು ರಸ್ತೆಯಲ್ಲಿ. ಕಿಲೋಮೀಟರ್ ಎಂದರೆ ಎಲ್ಲವೂ ಒಂದೇ ಅಲ್ಲ. ಒಂದೇ ಗೇರಿನಲ್ಲಿ, ಹದವಾದ ಬಿಸಿಯಲ್ಲಿ ನೂರು ಕಿಲೋಮೀಟರ್ ಓಡಿದ ಎಂಜಿನ್ನಿಗಿಂತ ಪೇಟೆಯಲ್ಲಿ ನಿಂತು ನಿಂತು ಹತ್ತು ಕಿಲೋಮೀಟರ್ ಹೋದ ಕ್ಲಚ್ಚಿನ ಪಾಡು ಕಷ್ಟ. ಕೀಲಿ ತಿರುಗಿಸಿದರು, ತಣ್ಣಗಿದ್ದ ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಹೊಗೆ ನೋಡಿದೆ. ನೀಲಿ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂದು, ದಟ್ಟ ಕಪ್ಪು ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಎಂದು, ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಉರಿಯದ ಡೀಸೆಲ್ಲೋ ಒಳಗೆ ನೀರು ಸೇರಿದೆಯೋ ನೋಡಬೇಕೆಂದು ಅರ್ಥ. ಇಲ್ಲಿ ಮೂರೂ ಇರಲಿಲ್ಲ. ಎಣ್ಣೆ ತುಂಬುವ ಮುಚ್ಚಳ ತೆಗೆದು ಅಂಗೈ ಹಿಡಿದೆ. ಉಸಿರಿನಂತೆ ಸ್ವಲ್ಪ ಗಾಳಿ ಬಂತು, ಅಷ್ಟೇ. ಹೂಂ, ತಗೋ ಎಂದುಬಿಟ್ಟೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಮುಂಗಡ ಕೊಡುವ ಮುನ್ನ ಹುಡುಗ ಗ್ಯಾರೇಜಿನ ಹಿರಿಯ ಮಿಸ್ತ್ರಿಯೊಬ್ಬರಿಗೆ ತೋರಿಸೋಣ ಎಂದ. ಬೇಡ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು, ಪುಣ್ಯ, ಅನ್ನಲಿಲ್ಲ. ಅವರು ಬಾನೆಟ್ ತೆರೆಯಲೇ ಇಲ್ಲ. ಗೋಣಿಚೀಲ ಹಾಸಿಕೊಂಡು ಹಿಂಭಾಗದ ಅಡಿಗೆ ಸರಿದರು. ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ತಟ್ಟುವ ಸದ್ದು. ಎದ್ದು ಬಂದು ಹೇಳಿದರು: ಬಲಗಡೆಯ ಕಮಾನು ಪಟ್ಟಿಯಲ್ಲಿ ಒಂದು ಎಲೆ ತುಂಡಾಗಿದೆ. ಹಿಂದಿನ ಬ್ರೇಕಿನ ಸಿಲಿಂಡರ್ ಸೋರುತ್ತಿದೆ. ಕೊಂಡಿ ಕೂರಿಸಬೇಕಾದ ಅಡ್ಡಪಟ್ಟಿ ಒಂದು ತುದಿಯಲ್ಲಿ ತುಕ್ಕು ಹಿಡಿದಿದೆ, ದಪ್ಪ ತಗಡು ಕೊಟ್ಟು ಬೆಸೆಯದೆ ಏನನ್ನೂ ಎಳೆಯುವಂತಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ‘ಮೇಷ್ಟ್ರೇ, ನೀವು ಓಡೋದನ್ನ ನೋಡಿದ್ರಿ. ಎಳೆಯೋ ಗಾಡೀಲಿ ನಿಲ್ಲೋದನ್ನ ಮೊದಲು ನೋಡ್ಬೇಕು’ ಎಂದರು.

ವರ್ಷಕ್ಕೊಮ್ಮೆ ಹತ್ತನೇ ತರಗತಿಗೆ ಶಕ್ತಿಯ ಲೆಕ್ಕ ಮಾಡಿಸುವ ನನಗೆ ಇದು ಹೊಳೆದಿರಲಿಲ್ಲ. ವಾಪಸು ಬರುವಾಗ ಬಸ್ ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದೆ. ಗಾಡಿ, ಜನ, ಟ್ರೇಲರ್, ಯಂತ್ರ ಎಲ್ಲ ಸೇರಿ 3,000 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಹತ್ತಕ್ಕೆ ಒಂದರಷ್ಟು ಏರಿನಲ್ಲಿ ಅದನ್ನು ಎಳೆಯಲು 300 ಕಿಲೋ ತೂಕಕ್ಕೆ ಸಮನಾದ ಬಲ ಬೇಕು. ಸಮತಟ್ಟಾದ ಟಾರು ರಸ್ತೆಯಲ್ಲಿ ಅದರ ಕಾಲುಭಾಗವೂ ಬೇಕಿಲ್ಲ. ಹತ್ತುವಾಗ ಬಲ ಸಾಲದಿದ್ದರೆ ಗಾಡಿ ನಿಲ್ಲುತ್ತದೆ, ಅವಮಾನವಾಗುತ್ತದೆ, ಅಷ್ಟೇ. ಇಳಿಯುವ ಲೆಕ್ಕ ಬೇರೆ. ಹುಡುಗನ ಮನೆಗೆ ಡಾಂಬರು ರಸ್ತೆಯಿಂದ ಒಂದು ಕಿಲೋಮೀಟರ್ ಮಣ್ಣಿನ ದಾರಿ. ಅಷ್ಟರಲ್ಲಿ ಸುಮಾರು ನೂರು ಮೀಟರ್ ಇಳಿಜಾರು. 3,000 ಕಿಲೋ ತೂಕ ನೂರು ಮೀಟರ್ ಇಳಿದರೆ ಕಳೆದುಕೊಳ್ಳುವ ಸ್ಥಿತಿಶಕ್ತಿ 29 ಲಕ್ಷ ಜೂಲ್‌ಗೂ ಹೆಚ್ಚು. ಒಂಬತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ! ಬ್ರೇಕ್ ಒಂದನ್ನೇ ನಂಬಿ ಇಳಿದರೆ ಈ ಶಾಖದ ಬಹುಪಾಲು ನಾಲ್ಕು ಗಾಲಿಗಳ ಒಳಗೇ ಹುಟ್ಟಬೇಕು. ಬ್ರೇಕಿನ ಲೈನಿಂಗ್ ವಿಪರೀತ ಕಾದರೆ ಹಿಡಿತ ಬಿಡುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಘಾಟಿಯ ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ. ಆಗ ಎಂಜಿನ್ನೂ ಸ್ವಲ್ಪ ಭಾರ ಹೊರುತ್ತದೆ. ಎಂಜಿನ್ ಆರಿಸಿ ಇಳಿಯುವ ಜಾಣರಂತೂ ಕೇಳಲೇಬಾರದು. ಅನೇಕ ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತ ಪಂಪು ಡೈನಮೋದ ಜೊತೆಗೇ ತಿರುಗುತ್ತದೆ. ಎಂಜಿನ್ ನಿಂತರೆ ಅದೂ ನಿಂತಿತು, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ.

ಬಸ್ಸು ಸಕ್ರೆಬೈಲು ದಾಟುತ್ತಿತ್ತು. ಹಿಂದೆ ಈ ಕಾಡುಗಳಲ್ಲಿ ದಿಮ್ಮಿ ಎಳೆಯುತ್ತಿದ್ದುದು ಆನೆಗಳೇ. ಲೆಕ್ಕವನ್ನು ಹುಡುಗನಿಗೆ ತೋರಿಸಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಆ ಬಿಳಿ ಗಾಡಿ ತಗೊಂಡಿದ್ರೆ ಸರ್?’ ಎಂದ. ಕಿಟಕಿಯ ಕಡೆ ನೋಡಿದೆ.

ಗಾಡಿ ಎರಡು ಲಕ್ಷ ಅರವತ್ತೈದು ಸಾವಿರಕ್ಕೆ ಇತ್ಯರ್ಥವಾಯಿತು. ರಿಪೇರಿಗೆ ಇನ್ನೂ ಮೂವತ್ತೆಂಟು ಸಾವಿರ. ಸೊಸೈಟಿಯ ಎರಡು ಲಕ್ಷದ ಮೇಲಿನದು ಹುಡುಗ ಬೆಂಗಳೂರಿನಲ್ಲಿ ಉಳಿಸಿದ ಹಣ. ಪೋಷಕರಿಗೆ ಇಲ್ಲಿ ಒಂದೆರಡು ಮಾತು. ಹಣ ಕೊಟ್ಟ ದಿನವೇ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಳ್ಳಿ. ಸಾಲದ ನಮೂದಿದ್ದರೆ 35ನೇ ನಮೂನೆಯಿಂದ ಅದು ರದ್ದಾಗಿರಬೇಕು. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕು; ಆ ಖರ್ಚನ್ನು ಇಂದೇ ಬೆಲೆಯಲ್ಲಿ ಸೇರಿಸಿ ನೋಡಿ. ಟ್ರೇಲರ್ ಕೂಡ ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು. ವಿಮೆಯವರಿಗೆ ಎಳೆಯುವ ವಿಷಯ ಮುಚ್ಚಿಡಬೇಡಿ.

ಟ್ರೇಲರ್ ಜೋಡಿಸಿದ ದಿನ ಮತ್ತೊಂದು ತೊಡಕು. ಯಂತ್ರವನ್ನು ಬೆಸುಗೆಯವನು ಅಚ್ಚಿನಿಂದ ಹಿಂದಕ್ಕೆ ಕೂರಿಸಿದ್ದ. ತಕ್ಕಡಿಯ ಒಂದು ಕಡೆ ಭಾರ ಹಾಕಿದರೆ ಇನ್ನೊಂದು ಕಡೆ ಏಳುತ್ತದಲ್ಲ, ಹಾಗೆ ಟ್ರೇಲರಿನ ಮೂಗು ಮೇಲೇಳುತ್ತಿತ್ತು. ಮೂಗು ಹಗುರಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಆಡಿ, ಎಳೆಯುವ ಗಾಡಿಯನ್ನೇ ತಿರುಗಿಸಿಬಿಡುತ್ತದೆ. ಟ್ರೇಲರಿನ ಒಟ್ಟು ತೂಕದ ಸುಮಾರು ಹತ್ತರಲ್ಲೊಂದು ಭಾಗ ಕೊಂಡಿಯ ಮೇಲೆ ಬೀಳುವಂತಿರಬೇಕು ಎಂಬುದು ವಾಡಿಕೆಯ ಲೆಕ್ಕ. ಅಡಿಕೆ ತೂಗುವ ತಕ್ಕಡಿಯನ್ನೇ ತಂದು ಮೂಗಿನ ಕೆಳಗಿಟ್ಟೆವು. ಇಪ್ಪತ್ತು ಕಿಲೋ ತೋರಿಸಿತು. ಯಂತ್ರವನ್ನು ಒಂದೂವರೆ ಗೇಣು ಮುಂದಕ್ಕೆ ಸರಿಸಿದಾಗ ನೂರಾ ಹದಿನೆಂಟು. ಸನ್ನೆಯ ಪಾಠದಲ್ಲಿ ಇವನಿಗೆ ನಾನು ಕೊಟ್ಟಿದ್ದ ಅಂಕ ಐದಕ್ಕೆ ಎರಡು ಎಂದು ಅವನೇ ನೆನಪಿಸಿದ.

ಕತ್ತಲಾಗುವ ಮುನ್ನ ಇಳಿಸೋಣ ಎಂದು ಹೊರಟೆವು. ನಾನು ಮುಂದಿನ ಸೀಟಿನಲ್ಲಿ. ತಾಯಿ ಮಾತ್ರ ಹತ್ತಲಿಲ್ಲ, ಒಳದಾರಿಯಿಂದ ನಡೆದು ಹೋದರು. ಡಾಂಬರು ಬಿಡುವ ಮುಂಚೆಯೇ ಹುಡುಗ ಎರಡನೇ ಗೇರಿಗೆ ತಂದ. ಎಂಜಿನ್ ಗುರುಗುಟ್ಟಿತು. ಕೆಮ್ಮಣ್ಣಿನ ದಾರಿ, ಎರಡು ಕಡೆ ಧರೆ, ಹಿಂದೆ ಟ್ರೇಲರಿನ ಸರಪಳಿಯ ಕಿಣಿಕಿಣಿ. ಹಳ್ಳದ ತಿರುವಿನಲ್ಲಿ ಒಮ್ಮೆ ಹಿಂದಿನಿಂದ ಯಾರೋ ದೂಡಿದಂತಾಯಿತು. ಅವನು ಬ್ರೇಕನ್ನು ತುಸುವೇ ಮುಟ್ಟಿ ಬಿಟ್ಟ, ಮತ್ತೆ ಮುಟ್ಟಿದ. ನಾನು ಮಾತಾಡಲಿಲ್ಲ, ಬಾಗಿಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದೆ ಎಂಬುದು ಇಳಿದ ಮೇಲೆ ಬೆರಳು ನೋವಾದಾಗ ತಿಳಿಯಿತು.

ಅಂಗಳದಲ್ಲಿ ತಾಯಿ ನಮಗಿಂತ ಮೊದಲೇ ಬಂದು ನಿಂತಿದ್ದರು. ನಾನು ಇಳಿದವನೇ ಬಗ್ಗಿ, ಮಿಸ್ತ್ರಿ ಹೇಳಿಕೊಟ್ಟಂತೆ, ಹಿಂದಿನ ಗಾಲಿಯ ನಡುಭಾಗಕ್ಕೆ ಅಂಗೈಯ ಹಿಂಬದಿಯನ್ನು ಮೆಲ್ಲಗೆ ತಾಗಿಸಿದೆ. ಬೆಚ್ಚಗಿತ್ತು. ಕೈ ಇಟ್ಟುಕೊಂಡೇ ಇರಬಹುದಾದಷ್ಟು. ‘ಏನು ಮೇಷ್ಟ್ರೇ?’ ಎಂದರು ಆಕೆ. ಹುಡುಗ ಆಗಲೇ ಟ್ರೇಲರಿನ ಕೊಂಡಿ ಬಿಚ್ಚುತ್ತಿದ್ದ.