ಹಳೆ ಕಂಪ್ಯೂಟರಿಗೂ ಕೀಲೆಣ್ಣೆ

ಗಾಡಿ ಅಚ್ಚಿಗೆ ಕೀಲೆಣ್ಣೆ ಹಾಕುವುದು, ಟ್ರ್ಯಾಕ್ಟರ್ ಬ್ಯಾಟರಿ ಟರ್ಮಿನಲ್‌ಗೆ ವ್ಯಾಸಲೀನ್ ಸವರುವುದು ನಮ್ಮೂರುಗಳಲ್ಲಿ ಎಲ್ಲರಿಗೂ ಗೊತ್ತು. ಕಂಪ್ಯೂಟರಿನೊಳಗೂ ಇಂಥದ್ದೇ ಕೆಲಸ ಇದೆ.

ನಮ್ಮ ಗುಂಪಿನ ಹತ್ತಿರ ಒಂದು ಹಳೆ ಪೆಂಟಿಯಂ-3 ಇದೆ. ಊರಿನ ಅಜ್ಜಿಯರು ಹೇಳಿದ ಸೋಬಾನೆ ಪದ, ಬೀಸುವ ಪದಗಳನ್ನು ‘ನುಡಿ’ಯಲ್ಲಿ ಟೈಪ್ ಮಾಡಿಟ್ಟಿದ್ದು ಅದರಲ್ಲೇ. ಹಾಡಿದವರಲ್ಲಿ ಕೆಲವರು ಈಗಿಲ್ಲ. ಈ ಮಳೆಗಾಲದಲ್ಲಿ ಅದು ಬರೀ ಬೀಪ್ ಅನ್ನತೊಡಗಿತು, ಪರದೆ ಕಪ್ಪು. ತೋರಿಸಿದ ಕಡೆ, ‘ಬೋರ್ಡ್ ಹೋಗಿದೆ, ಗುಜರಿಗೆ ಹಾಕಿ’ ಎಂದರು. ನಮಗೆ ಮನಸ್ಸು ಬರಲಿಲ್ಲ, ಬಿಚ್ಚಿ ನೋಡಿದೆವು. ಹೋಗಿದ್ದು ಬೋರ್ಡಲ್ಲ, ರ‍್ಯಾಮ್ ಪಟ್ಟಿ ಕೂರುವ ಜಾಗದ ಸಂಪರ್ಕ.

ಆ ಪಟ್ಟಿಯ ಅಂಚಿನ ಹಳದಿ ಹಲ್ಲುಗಳಿಗೆ ಚಿನ್ನದ ಲೇಪ ಇರುತ್ತದೆ. ಚಿನ್ನಕ್ಕೆ ತುಕ್ಕಿಲ್ಲ ನಿಜ. ಆದರೆ ಲೇಪ ಬಹಳ ತೆಳು, ತಲೆಗೂದಲಿನ ದಪ್ಪದ 50ರಲ್ಲಿ ಒಂದು ಪಾಲೂ ಇಲ್ಲ. ಅದು ಸವೆದ ಕಡೆ ಅಡಿಯ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಮಿಷನ್ ಕಾದು ಹಿಗ್ಗುತ್ತದೆ, ಆರಿ ಕುಗ್ಗುತ್ತದೆ. ಹೀಗೆ ಹಲ್ಲುಗಳು ಕಣ್ಣಿಗೆ ಕಾಣದಷ್ಟು ಉಜ್ಜಾಡುತ್ತಲೇ ಇರುತ್ತವೆ. ತವರದ ಲೇಪವಿದ್ದರೆ ಇನ್ನೂ ಕಷ್ಟ: ಉಜ್ಜಿದಷ್ಟೂ ಹೊಸ ಪುಡಿ ಎದ್ದು ಕರೆಂಟಿಗೆ ಅಡ್ಡ ನಿಲ್ಲುತ್ತದೆ.

ನಾವು ಮಾಡಿದ್ದಿಷ್ಟು. ವೈರು ಕಿತ್ತು, ಪಟ್ಟಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಹಲ್ಲುಗಳನ್ನು ಒರೆಸಿದೆವು. ಒಣಗಿದ ಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಲೂಬ್ರಿಕೆಂಟನ್ನು ತೆಳ್ಳಗೆ ಸವರಿದೆವು. ಅದು ಕರೆಂಟ್ ಹರಿಸುವ ಎಣ್ಣೆಯಲ್ಲ. ಪಟ್ಟಿ ಕೂರಿಸಿದಾಗ ಸ್ಪ್ರಿಂಗಿನ ಒತ್ತಡಕ್ಕೆ ಅದು ಪಕ್ಕಕ್ಕೆ ಸರಿದು, ಲೋಹಕ್ಕೆ ಲೋಹ ತಾಗುತ್ತದೆ. ಸುತ್ತ ಉಳಿದ ಪೊರೆ ಗಾಳಿ, ತೇವ ಒಳಬರದಂತೆ ತಡೆಯುತ್ತದೆ, ಸವೆತವನ್ನೂ ಕಡಿಮೆ ಮಾಡುತ್ತದೆ.

ಕಂಪ್ಯೂಟರ್ ಎದ್ದಿತು. ಮೊದಲು ಪದಗಳನ್ನೆಲ್ಲ ಪೆನ್ ಡ್ರೈವಿಗೆ ಇಳಿಸಿದೆವು. ಹಳೆ ನುಡಿ ಕಡತಗಳನ್ನು ಫೋನಿನಲ್ಲಿ ಹಾಗೇ ಓದಲು ಆಗುವುದಿಲ್ಲ, ಯೂನಿಕೋಡಿಗೆ ಬದಲಿಸಬೇಕು. ಆ ಕೆಲಸ ನಡೆದಿದೆ.

ನಿಮ್ಮ ಮನೆಯಲ್ಲೂ ಇಂಥ ಮಿಷನ್ ಇದ್ದರೆ ನೆನಪಿಡಿ:

ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ.

ರಬ್ಬರಿನಿಂದ ಗಟ್ಟಿಯಾಗಿ ಉಜ್ಜಬೇಡಿ, ಚಿನ್ನವೇ ಹೋಗುತ್ತದೆ.

ಹುಣಸೆಹಣ್ಣು ತಂಬಿಗೆಗೆ ಸರಿ, ಇದಕ್ಕಲ್ಲ.

ಎಣ್ಣೆ ಜಾಸ್ತಿಯಾದರೆ ದೂಳು ಮೆತ್ತುತ್ತದೆ. ಸವರಿದ್ದು ಕಾಣಬಾರದು, ಅಷ್ಟು ಸಾಕು.

ಗುಜರಿಯವನನ್ನು ಕರೆಯುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಒಳಗೆ ಯಾರ ದನಿ ಉಳಿದಿದೆಯೋ.