ಕೇರೆಯ ಹನ್ನೊಂದು ಮೊಟ್ಟೆಗಳು

ಹಾವೆಂದೊಡನೆ ಕೋಲನ್ನು ಹುಡುಕುವವರೇ ನಮ್ಮಲ್ಲಿ ಹೆಚ್ಚು. ನಾವಿಬ್ಬರು ಸೋದರರು ಮಾತ್ರ ಬಾಲ್ಯದಲ್ಲೊಮ್ಮೆ, ಅದೇಕೋ, ಬುಟ್ಟಿಯನ್ನು ಹುಡುಕಿದೆವು. ಅದರಿಂದ ಒದಗಿದ ಸಂತೋಷವನ್ನೂ ವ್ಯಥೆಯನ್ನೂ ಗೆಳೆಯರ ಮುಂದೆ ನಿವೇದಿಸುವೆವು.

ನಮ್ಮ ಸೋದರಮಾವ ಕಲಬುರಗಿಯ ಕಡೆಯವರು. ನೌಕರಿಯ ನಿಮಿತ್ತ ದೌಲತಾಬಾದಿನಲ್ಲಿ ನೆಲಸಿದ್ದರು. ಬೇಸಿಗೆಯ ರಜೆ ಬಂತೆಂದರೆ ನಮ್ಮ ಬಿಡಾರ ಅಲ್ಲಿಯೇ. ಆಗ ಔರಂಗಾಬಾದೆಂದೂ 2023ರಿಂದ ಛತ್ರಪತಿ ಸಂಭಾಜಿನಗರವೆಂದೂ ಹೆಸರಾದ ನಗರದಿಂದ ಆ ಊರು ಸುಮಾರು 15 ಕಿಲೋಮೀಟರು ದೂರ. ಸೇವುಣ ಯಾದವರ ದೇವಗಿರಿ ಇದೇ. ಆ ಅರಸರ ಶಾಸನಗಳಲ್ಲಿ ಅನೇಕವು ಕನ್ನಡದಲ್ಲಿವೆಯೆಂದು ಮಾವ ಹೆಮ್ಮೆಯಿಂದ ಹೇಳುತ್ತಿದ್ದರು. 1327ರಲ್ಲಿ ಮಹಮದ್ ಬಿನ್ ತುಘಲಕನು ಇದನ್ನು ರಾಜಧಾನಿಯಾಗಿ ಮಾಡಲು ಹೊರಟ ಕಥೆಯನ್ನು ನೀವೆಲ್ಲ ಪಾಠದಲ್ಲಿ ಓದಿರುವಿರಿ. ಕೋಟೆಯ ಗುಡ್ಡದ ಸುತ್ತ ಬಂಡೆಯನ್ನೇ ಕೊರೆದು ಮಾಡಿದ ಕಂದಕವಿದೆ. ಹಿಂದೆ ಅದರಲ್ಲಿ ಮೊಸಳೆ, ಹಾವುಗಳನ್ನು ಬಿಟ್ಟಿದ್ದರೆಂದು ಪ್ರತೀತಿ. ನಮ್ಮ ಕಣ್ಣಿಗೆ ಬಿದ್ದುದು ಹಸಿರು ನೀರು ಮಾತ್ರ. ಹಾವು ದೊರೆತದ್ದು ಮಾವನ ಮನೆಯ ನೆರೆಯ ಪೇರಲ ತೋಟದಲ್ಲಿ.

ಜೂನ್ ತಿಂಗಳ ಮೊದಲ ಮಳೆ ಬಿದ್ದ ಮರುದಿನ ತೋಟದ ಮೂಲೆಯ ಹಳೆಯ ಹುಲ್ಲಿನ ರಾಶಿಯನ್ನು ಕೆದಕುತ್ತಿದ್ದೆವು. ಮಾರುದ್ದದ ಕಂದು ಹಾವೊಂದು ಸರ್ರನೆ ಸರಿದುಹೋಯಿತು. ಅದು ಮಲಗಿದ್ದೆಡೆಯಲ್ಲಿ ಹನ್ನೊಂದು ಬಿಳಿಯ ಮೊಟ್ಟೆಗಳು! ಕೋಳಿಮೊಟ್ಟೆಯಂತೆ ಗಟ್ಟಿಯಲ್ಲ, ಮುಟ್ಟಿದರೆ ಹದಮಾಡಿದ ತೊಗಲಿನಂತೆ ಮೆತ್ತಗೆ. ಕಾವಲಿನ ಮುದುಕ ಓಡಿಬಂದು, "ಧಾಮಣ, ಧಾಮಣ" ಎಂದ. ನಮ್ಮ ಕೇರೆ ಹಾವಿಗೆ ಮರಾಠಿಯಲ್ಲಿ ಅದೇ ಹೆಸರು. ಅದಕ್ಕೆ ವಿಷವಿಲ್ಲ, ಇಲಿಯೇ ಅದರ ಮೃಷ್ಟಾನ್ನ. "ಈ ತೋಟಕ್ಕೆ ಇಬ್ಬರು ಕಾವಲುಗಾರರು, ಮಕ್ಕಳೇ. ಸಂಬಳ ಮಾತ್ರ ನನ್ನೊಬ್ಬನಿಗೆ" ಎಂದು ನಕ್ಕ.

ಅತ್ತೆಗೆ ಈ ನಗೆ ಒಪ್ಪಿಗೆಯಾಗಲಿಲ್ಲ. ಕೇರೆಯು ಹಸುವಿನ ಕಾಲನ್ನು ಸುತ್ತಿ ಹಾಲು ಕುಡಿಯುವುದೆಂದೂ ನಾಗರದೊಡನೆ ಜೋಡಿಯಾಗುವುದೆಂದೂ ಅವರ ದೃಢವಾದ ನಂಬಿಕೆ. ಹಾವಿಗೆ ಹಾಲು ಆಹಾರವೇ ಅಲ್ಲ. ಹೆಣೆದುಕೊಂಡು ಎದ್ದು ನಿಲ್ಲುವ ಕೇರೆಗಳಾದರೋ ಅನೇಕ ವೇಳೆ ಕುಸ್ತಿ ಹಿಡಿದ ಎರಡು ಗಂಡುಗಳು. ಇದೆಲ್ಲ ನಮಗೂ ಆಗ ತಿಳಿಯದು. ಅತ್ತೆಯ ಕಣ್ಣು ತಪ್ಪಿಸಿ, ಮೊಟ್ಟೆಗಳನ್ನು ಬುಟ್ಟಿಯಲ್ಲಿ ತಂದು, ಒದ್ದೆ ಮರಳು ತುಂಬಿದ ಮಡಕೆಯಲ್ಲಿಟ್ಟು, ಸೌದೆಯ ಕೊಟ್ಟಿಗೆಯಲ್ಲಿ ಬಚ್ಚಿಟ್ಟೆವು.

ಕೋಳಿಯು ಕಾವು ಕೂತಾಗ ಮೊಟ್ಟೆಗಳನ್ನು ಮಗುಚುವುದನ್ನು ನಾವು ಕಂಡಿದ್ದೆವು. ಆದುದರಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅತಿ ಮೃದುವಾಗಿ ಒಂದೊಂದನ್ನೂ ಹೊರಳಿಸಿದೆವು. ಸರದಿಯ ವಿಷಯದಲ್ಲಿ ಜಗಳವನ್ನೂ ಆಡಿದೆವು. ಐದನೆಯ ದಿನ ಒಂದು ಮೊಟ್ಟೆ ಕುಗ್ಗಿ ಹಳದಿಯಾಯಿತು. ಹತ್ತನೆಯ ದಿನಕ್ಕೆ ಏಳು ಕೊಳೆತವು. ವಾಸನೆಯಿಂದ ಗುಟ್ಟು ರಟ್ಟಾಯಿತು. ಅತ್ತೆ ಬೈಯುವರೆಂದಿದ್ದೆವು, ಅವರು ಮಡಕೆಯನ್ನು ಸ್ವಲ್ಪ ಹೊತ್ತು ನೋಡಿ, "ತಾಯಿ ಅಲ್ಲೇ ಹುಡುಕ್ತಿರಬೇಕಲ್ರೋ" ಎಂದರು. ಬೈಗುಳವೇ ಎಷ್ಟೋ ವಾಸಿಯಾಗಿತ್ತು.

ಉಳಿದ ನಾಲ್ಕನ್ನು ಮಾವನ ವಶಕ್ಕೆ ಕೊಟ್ಟು, ಶಾಲೆ ತೆರೆಯುವುದೆಂದು ನಾವು ನಗರಕ್ಕೆ ಮರಳಬೇಕಾಯಿತು. ಮಾವ ಕೆಲಸದ ಗಡಿಬಿಡಿಯಲ್ಲಿ ಮಡಕೆಯನ್ನು ಮುಟ್ಟಲೇ ಇಲ್ಲ. ಮುದುಕನು ಆಗಾಗ ನೀರು ಚಿಮುಕಿಸುತ್ತಿದ್ದನಂತೆ. ಆಗಸ್ಟ್ ತಿಂಗಳಲ್ಲಿ ಕಾರ್ಡು ಬಂತು: "ಎರಡು ಮರಿಗಳು ಹೊರಬಂದಿವೆ. ಬಾಬಾ ತೋಟದ ಕಲ್ಲುಗೋಡೆಯ ಬಳಿ ಬಿಟ್ಟಿದ್ದಾರೆ. ಚೆನ್ನಾಗಿ ಓದಿರಿ."

ನಮ್ಮ ತಪ್ಪು ಯಾವುದೆಂಬುದು ಬಹುಕಾಲದ ಮೇಲೆ ಪುಸ್ತಕಗಳಿಂದ ತಿಳಿಯಿತು. ಹಾವಿನ ಭ್ರೂಣವು ಮೊಟ್ಟೆಯ ಮೇಲ್ಭಾಗದ ಒಳಪೊರೆಗೆ ಅಂಟಿ ಬೆಳೆಯುತ್ತದೆ. ಮಗುಚಿದರೆ ಸಾಯುವ ಸಂಭವವುಂಟು. ಯೂರೋಪಿನಲ್ಲಿ ಇಲಿಹಾವುಗಳನ್ನು ಹವ್ಯಾಸಕ್ಕಾಗಿ ಸಾಕಿ ಮರಿಮಾಡಿಸುವವರಿದ್ದಾರೆ. ಗ್ರೀಕರ ವೈದ್ಯದೇವತೆ ಅಸ್ಕ್ಲೇಪಿಯಸನ ಹೆಸರನ್ನು ಹೊತ್ತ ಹಾವು ಅವುಗಳಲ್ಲೊಂದು. ಚಳಿಗಾಲದಲ್ಲಿ ಹಾವುಗಳನ್ನು ಕೆಲವು ವಾರ ತಂಪಿನಲ್ಲಿ ನಿದ್ರಿಸಗೊಟ್ಟು, ವಸಂತದಲ್ಲಿ ಗಂಡು ಹೆಣ್ಣುಗಳನ್ನು ಕೂಡಿಸಿ, ಇಟ್ಟ ಮೊಟ್ಟೆಗಳನ್ನು ಹೊರಳಿಸದೆ ಒದ್ದೆ ಹಾಸಿನಲ್ಲಿ ಸುಮಾರು ಎರಡು ತಿಂಗಳು ಇಡುವರು. ಮೇಲ್ಭಾಗ ತಪ್ಪದಿರಲೆಂದು ಪೆನ್ಸಿಲಿನಿಂದ ಗುರುತು ಹಾಕುವವರೂ ಉಂಟು. ಒಂದು ಪೆನ್ಸಿಲು! ನಮ್ಮ ಚೀಲದಲ್ಲಿ ಮೂರಿದ್ದವು. ನಮ್ಮ ದೇಶದಲ್ಲಾದರೋ ಕೇರೆಯನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತಡೆಯಿದೆ. ನಮ್ಮಂತಹ ಪಾಲಕರನ್ನು ನೆನೆದರೆ ಅದು ನ್ಯಾಯವೆಂದೇ ತೋರುತ್ತದೆ.

ಮರುವರ್ಷ ನಾವು ಹೋದಾಗ ಮುದುಕನು ಗುಡಿಸಲಿನಿಂದ ಹಳೆಯ ಕಾಗದದ ಪೊಟ್ಟಣವೊಂದನ್ನು ತಂದು ಬಿಚ್ಚಿದ. ಒಳಗೆ ಮೊಳಕ್ಕಿಂತ ತುಸು ಉದ್ದದ, ಉಸಿರು ತಾಗಿದರೆ ಅಲುಗುವಂತಹ ಹಾವಿನ ಪೊರೆ. ಕಲ್ಲುಗೋಡೆಯ ಸಂದಿಯಲ್ಲಿ ಸಿಕ್ಕಿತಂತೆ. ಅದನ್ನು ಯಾರು ಇಟ್ಟುಕೊಳ್ಳಬೇಕೆಂದು ನಾವಿಬ್ಬರೂ ಈ ಸಲ ಜಗಳವಾಡಲಿಲ್ಲ.